ನಮ್ಮ ಮನೆಯ ನೆಲಕ್ಕೆ ಗಾಳಿ ಹೊಕ್ಕದ್ದು

ನೆಲ ಬಿಸಿ ಮಾಡುವ ಯಂತ್ರವನ್ನು ಕುಂಭಾಶಿಯಲ್ಲಿ ಕೂರಿಸಿದ ಮೊದಲ ಮನುಷ್ಯ ನಾನು. ಎರಡನೆಯವನು ಇನ್ನೂ ಹುಟ್ಟಿಲ್ಲ. ಹುಟ್ಟುವ ಲಕ್ಷಣವೂ ಇಲ್ಲ!

ಫ್ಯಾನಿನ ಕೆಳಗೆ ಕೂತು ಬೆವರು ಒರೆಸಿಕೊಳ್ಳುವ ನಮ್ಮ ಊರಿನಲ್ಲಿ ನೆಲಕ್ಕೆ ಬಿಸಿ ಯಾಕೆ ಎಂದು ನೀವು ಕೇಳಬಹುದು. ಎಲ್ಲರೂ ಕೇಳಿದ್ದಾರೆ. ಕಾರಣ ಹಪ್ಪಳ.

ನನ್ನ ಹೆಂಡತಿ ಜಲಜಳ ಅಣ್ಣ ಶಂಕರ ಭಾವ ಹಿಮಾಲಯದ ಕಡೆ ಹಿಮ ಬೀಳುವ ಯಾವುದೋ ಊರಿನಲ್ಲಿ ಹೋಟೆಲು ನಡೆಸುತ್ತಾರೆ. ಅವರ ಮಗಳ ಮದುವೆ ಶ್ರಾವಣದಲ್ಲಿ, ಕುಂದಾಪುರದಲ್ಲಿ ಎಂದು ನಿಶ್ಚಯವಾಯಿತು. ಊಟದ ಮಾತು ಬಂದಾಗ ಭಾವನ ಹೆಂಡತಿ, "ಹಪ್ಳ ಅಂಗ್ಡಿದ್ದೇ ಸಾಕ್" ಎಂದರು. ಜಲಜ ಎಲ್ಲರ ಎದುರಿಗೇ ಎದ್ದು ನಿಂತಳು.

"ನಮ್ಮ್ ಮನಿ ಮದಿಗೆ ಅಂಗ್ಡಿ ಹಪ್ಳವಾ ಅತ್ಗಿ? ಹಲ್ಸಿನ್ ಹಪ್ಳ ಅಷ್ಟೂ ನಂದೇ!"

ಅಲ್ಲಿಗೆ ಅದು ಹಪ್ಪಳವಾಗಿ ಉಳಿಯಲಿಲ್ಲ, ಮರ್ಯಾದೆಯಾಯಿತು. ಆದರೆ ಹಲಸು ಬಲಿಯುವುದಕ್ಕೂ ಮಳೆ ಹಿಡಿಯುವುದಕ್ಕೂ ನಮ್ಮಲ್ಲಿ ಹೆಚ್ಚು ಅಂತರವಿಲ್ಲ. ಹಿಂದಿನ ವರ್ಷ ಅರ್ಧ ಹಪ್ಪಳ ಬೂಸ್ಟು ಬಂದು ಹಾಳಾಗಿತ್ತು. ಆಗ ಮುಂದೆ ಬಂದವನು ನಾನು. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಕಾಲೇಜಿನಲ್ಲಿ ಮಕ್ಕಳಿಗೆ ಶಾಖದ ಪಾಠ ಹೇಳುವವನು. ಶಾಖ ನನ್ನ ಮಾತು ಕೇಳದೆ ಇನ್ನಾರ ಮಾತು ಕೇಳೀತು?

ಭಾವನ ಹೋಟೆಲಿನ ನೆಲದಡಿ ಬಿಸಿನೀರಿನ ಪೈಪುಗಳಿವೆ. ಅಲ್ಲಿ ಹೆಚ್ಚಾಗಿ ಉಳಿದ ಒಂದು ಮ್ಯಾನಿಫೋಲ್ಡ್, ಪಂಪು, ಪೈಪಿನ ಸುರುಳಿ ಲಾರಿಯಲ್ಲಿ ನಮ್ಮ ಮನೆಗೆ ಬಂದವು. ಭಾವ ತಾವಾಗಿಯೇ ಕೊಟ್ಟರೆಂದು ನನ್ನ ನೆನಪು. ನಾನು ದಿನಾ ಫೋನ್ ಮಾಡಿ ಪೀಡಿಸಿದೆನೆಂದು ಅವರ ನೆನಪು. ಇಬ್ಬರ ನೆನಪಿನಲ್ಲಿ ಒಂದು ಸುಳ್ಳು. ನನ್ನದೇ ಇರಬೇಕು.

ಮ್ಯಾನಿಫೋಲ್ಡ್ ಎಂದರೆ ಎರಡು ದಪ್ಪ ಹಿತ್ತಾಳೆ ಕೊಳವೆ. ಒಂದಕ್ಕೆ ಕೆಂಪು ತಿರುಪು, ಇನ್ನೊಂದಕ್ಕೆ ನೀಲಿ. ಒಂದೊಂದಕ್ಕೂ ಆರಾರು ಬಾಯಿ. ಕೆಂಪಿನಿಂದ ಬಿಸಿನೀರು ಹೊರಟು, ನೆಲದೊಳಗೆ ಸುರುಳಿ ಸುತ್ತಿದ ಪೈಪುಗಳಲ್ಲಿ ಅಡ್ಡಾಡಿ, ತಣಿದು ನೀಲಿಗೆ ಮರಳಬೇಕು. ನಮ್ಮ ಜೊತೆಗೇ ಇರುವ ಅತ್ತೆ, ಅಂದರೆ ಜಲಜಳ ತಾಯಿ, ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇದೆಂತ?"

"ಮ್ಯಾನಿಫೋಲ್ಡ್, ಅತ್ತೆ."

"ಎಂತ? ಮನಿ ಪೋಲಾ?" ಎಂದ ಅವರು ಲಾರಿಯಿಂದ ಇಳಿದ ರಾಶಿಯನ್ನೆಲ್ಲ ನೋಡಿ, "ಹೆಸ್ರ್ ಸಮಾ ಇತ್ತ್" ಎಂದರು.

ಹಿಂದಿನ ಕೋಣೆಯ ನೆಲದ ಮೇಲೆ ನಾನೇ ಮಂಡಿಯೂರಿ ಪೈಪು ಸುತ್ತಿದೆ. ಅದನ್ನು ಹಿಡಿದಿಡುವ ಕ್ಲಿಪ್ಪುಗಳನ್ನು ಹಂಗಾರಕಟ್ಟೆಯ ದೋಣಿ ಕಟ್ಟುವವರಿಂದ ಬೇಡಿ ತಂದೆ. ಹೊರಗೆ ಮೇ ತಿಂಗಳ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಅಂಗಳದ ತುಂಬ ನನ್ನ ಮರಳು, ಜಲ್ಲಿ, ಸಿಮೆಂಟು.

"ಹ್ವಾಯ್, ಈ ಮರ್ಳ್ ಒಂದ್ ಬದಿಗ್ ಹಾಕ್ರೆ ಹಪ್ಳ ಇಲ್ಲೇ ಒಣ್ಗತ್ತಲ್ದಾ?" ಎಂದಳು ಜಲಜ.

"ಬಿಸ್ಲ್ ನಂಬ್ಕಂಡ್ ಕೂಕಂಬ ಕಾಲ ಹೋಯ್ತ್ ಮಾರಾಯ್ತಿ" ಎಂದೆ.

ಹಪ್ಪಳ ಒಣಗಿಸುವ ವ್ಯವಸ್ಥೆ ಮಾಡುವ ಭರದಲ್ಲಿ ಹಪ್ಪಳ ಒಣಗುವ ದಿನಗಳನ್ನೆಲ್ಲ ನಾನು ಮುಗಿಸಿದ್ದೆ!

ಪೈಪಿನ ಮೇಲೆ ಸಿಮೆಂಟು, ಅದರ ಮೇಲೆ ಟೈಲು ಬಿದ್ದ ಮೇಲೆ ಇನ್ನೊಂದು ಸತ್ಯ ಹೊಳೆಯಿತು. ನೆಲ ಮೇಲೆ ಬಂದಿದೆ, ಬಾಗಿಲು ಇದ್ದಲ್ಲೇ ಇದೆ. ತೆರೆಯುವುದಿಲ್ಲ. ಬಾಗಿಲಿನ ಅಡಿಭಾಗ ಕೊಯ್ದೆ. ಸಾಲಲಿಲ್ಲ. ಮತ್ತೊಮ್ಮೆ ಕೊಯ್ದೆ. ಹೆಚ್ಚಾಯಿತು. ಈಗ ನಮ್ಮ ಬೆಕ್ಕು ಬಾಗಿಲು ಹಾಕಿದ್ದರೂ ಕೆಳಗಿನಿಂದ ಒಳಗೆ ಹೋಗಿ ಬರುತ್ತದೆ.

ಬಿಸಿನೀರು ಎಲ್ಲಿಂದ? ಭಾವನ ಹೋಟೆಲಿನಲ್ಲಿ ಅದಕ್ಕೊಂದು ಬಾಯ್ಲರ್ ಇದೆ. ನಮ್ಮಲ್ಲಿ ಬಚ್ಚಲಿನ ಹಂಡೆ ಇದೆ. ಹಂಡೆಯಿಂದ ಮ್ಯಾನಿಫೋಲ್ಡಿಗೆ, ಮ್ಯಾನಿಫೋಲ್ಡಿನಿಂದ ಹಂಡೆಗೆ ಪೈಪು ಎಳೆದೆ. ಹಿಮಾಲಯದ ತಂತ್ರಜ್ಞಾನವೂ ಕರಾವಳಿಯ ಸ್ನಾನವೂ ಒಂದಾದ ಆ ಕ್ಷಣದಲ್ಲಿ ನನ್ನ ಕಣ್ಣು ತುಂಬಿ ಬಂತು. ಹಂಡೆಯ ಹೊಗೆಯೂ ಕಾರಣವಿರಬಹುದು.

ಮಳೆ ಹಿಡಿಯಿತು. ಜಲಜ ಹಲಸು ಬೇಯಿಸಿ, ಗುದ್ದಿ, ಹಪ್ಪಳ ಒತ್ತಿ, ಚಾಪೆಗಳ ಮೇಲೆ ಹರಡಿದಳು. ನಾನು ಒಲೆಗೆ ತೆಂಗಿನ ಮಡಲು ತುರುಕಿ ಪಂಪು ಹಾಕಿದೆ. ನೆಲದೊಳಗಿನಿಂದ "ಗುಳುಗುಳು... ಊಂ..." ಎಂದು ಶಬ್ದ ಬಂತು. ಕೋಣೆಯ ಈಚೆಯ ಅರ್ಧ ಬೆಚ್ಚಗಾಯಿತು. ಆಚೆಯ ಅರ್ಧ ತಣ್ಣಗೆ ಮಲಗಿತ್ತು. ನಾನು ನೆಲಕ್ಕೆ ಕೆನ್ನೆ ಹಚ್ಚಿ ಪರೀಕ್ಷಿಸುತ್ತಿದ್ದಾಗ ಬಾಗಿಲಲ್ಲಿ ಬಂದು ನಿಂತ ಅತ್ತೆ, "ಜಲಜಾ, ನಿನ್ನ್ ಗಂಡ ನೆಲದತ್ರ ಮಾತಾಡ್ತ್ರ್!" ಎಂದು ಕೂಗಿದರು.

ನಾನು ಅಲ್ಲಿಂದಲೇ ಭಾವನಿಗೆ ಫೋನ್ ಮಾಡಿದೆ. ಕೈಗೆ ಒಲೆಯ ಮಸಿ ಹಿಡಿದಿದ್ದರಿಂದ ಸ್ಪೀಕರಿಗೆ ಹಾಕಿ ಕೆಳಗಿಟ್ಟೆ. ಅದೇ ದೊಡ್ಡ ತಪ್ಪು.

"ಭಾವಾ, ಒಳಗೆ ಗಾಳಿ ಹೊಕ್ಕಂಡಿತ್" ಎಂದರು ಶಂಕರ ಭಾವ. "ಗಾಳಿ ಬಿಡ್ಸ್ಕ್. ಐದ್ ಬಾಯಿ ಮುಚ್ಚಿ, ಒಂದ್ ಬಾಯಿಗೆ ನೀರ್ ಕುಡ್ಸಿ. ಗಾಳಿ ಕೂಗ್ಕಂಡ್ ಹೊರಗ್ ಬತ್ತ್. ಹೆದ್ರೂಕಾಗ."

ಪೈಪಿನೊಳಗೆ ಸಿಕ್ಕಿಕೊಂಡ ಗಾಳಿ ನೀರಿಗೆ ದಾರಿ ಬಿಡುತ್ತಿಲ್ಲ, ಅದನ್ನು ಹೊರಗೆ ಬಿಡು ಎಂಬುದು ಅದರ ಅರ್ಥ. ಆದರೆ ನಮ್ಮ ಕಡೆ "ಗಾಳಿ ಹೊಕ್ಕಿತು" ಎಂದರೆ ಯಾರೂ ಪೈಪಿನ ಬಗ್ಗೆ ಯೋಚಿಸುವುದಿಲ್ಲ. ಬಾಗಿಲಲ್ಲಿದ್ದ ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ಸ್ವಂತ ಮಗನೇ ಹೇಳಿದ್ದಾನೆ, ಇನ್ನು ಸಂಶಯವೇ? ಆನೆಗುಡ್ಡೆಯ ದೇವರಿಗೆ ಕಾಯಿ ಹರಕೆ ಹೇಳಿಕೊಂಡರು. ನಾನು ಬಚ್ಚಲಿನಲ್ಲಿ ಸ್ಪ್ಯಾನರ್ ಹುಡುಕುವಷ್ಟರಲ್ಲಿ ಹಟ್ಟಿಯಂಗಡಿ ಕಡೆಯ ಶೀನಣ್ಣನಿಗೆ ಫೋನ್ ಹೋಗಿತ್ತು. ಶೀನಣ್ಣ ಗಾಳಿ ಬಿಡಿಸುವವರು. ಪೈಪಿನದ್ದಲ್ಲ.

ರಿಕ್ಷಾದಿಂದ ಇಳಿದ ಶೀನಣ್ಣ ಕೊಡೆ ಮಡಚುತ್ತ ಕೇಳಿದರು: "ಯಾರ್ ಮೈಮೇಲೆ?"

"ನೆಲದ್ ಮೈಮೇಲೆ" ಎಂದರು ಅತ್ತೆ.

ಶೀನಣ್ಣನ ಇಷ್ಟು ವರ್ಷದ ವೃತ್ತಿಯಲ್ಲಿ ಇದು ಮೊದಲು. ಆದರೂ ಅವರು ಎದೆಗುಂದಲಿಲ್ಲ. ಕೋಣೆಯ ನಡುವೆ ಕೂತರು. ಹೊಟ್ಟೆ ಹಸಿದ ಕೋಣದಂತೆ ನೆಲ ಗುರುಗುಟ್ಟಿತು. ಅವರು ಕಣ್ಣು ಮುಚ್ಚಿ ಹೇಳಿದರು: "ಇದ್ ನಮ್ಮ್ ಬದಿದಲ್ಲ. ಉತ್ತರ ದಿಕ್ಕಿಂದ ಬಂದದ್ದ್."

ಲಾರಿ ಬಂದದ್ದೂ ಉತ್ತರದಿಂದಲೇ. ಎಲ್ಲರೂ ನನ್ನನ್ನು ನೋಡಿದರು.

"ಶೀನಣ್ಣ, ಇದ್ ಆ ಗಾಳಿ ಅಲ್ಲ, ಬರೀ ಗಾಳಿ..." ಎಂದೆ.

"ಎಲ್ಲ್ರೂ ಮೊದ್ಲ್ ಹಾಂಗೇ ಹೇಳುದ್" ಎಂದರು ಶೀನಣ್ಣ, ಕರುಣೆಯಿಂದ.

ವಾದ ಮಾಡುವುದು ಬಿಟ್ಟು ನಾನು ಮ್ಯಾನಿಫೋಲ್ಡಿನ ಹತ್ತಿರ ಕೂತೆ. ಅವರು ಮಂತ್ರ ಹೇಳುತ್ತಿದ್ದರು. ನಾನು ಒಂದು ಬಾಯಿ ಬಿಟ್ಟು ಉಳಿದ ಬಾಯಿಗಳನ್ನು ಮುಚ್ಚಿ, ತುದಿಯ ಪುಟ್ಟ ತಿರುಪನ್ನು ಸಡಿಲಿಸಿದೆ. ಅವರು ಕಾಯಿ ಒಡೆದರು. "ಸ್ಸ್ಸ್... ಕ್ರೀಂ!" ಎಂದು ಕೂಗುತ್ತ ಗಾಳಿ ಹೊರಗೆ ಬಂತು! ಅತ್ತೆ ಕೈ ಮುಗಿದರು. ನಾನು ತಿರುಪು ತಿರುಗಿಸಿದ್ದು ಮೊದಲೋ ಅವರು ಕಾಯಿ ಒಡೆದದ್ದು ಮೊದಲೋ ಎಂದು ಎಷ್ಟೋ ಸಲ ನೆನಪಿಸಿಕೊಂಡಿದ್ದೇನೆ. ಪ್ರಾಮಾಣಿಕವಾಗಿ ಹೇಳುತ್ತೇನೆ, ಈಗ ಗೊತ್ತಾಗುತ್ತಿಲ್ಲ.

ಉಳಿದ ಬಾಯಿಗಳಿಗೂ ಹೀಗೆಯೇ ನೀರು ಕುಡಿಸಿದ ಮೇಲೆ ನೆಲ ಪೂರ್ತಿ ಬೆಚ್ಚಗಾಯಿತು. ಶೀನಣ್ಣ ಹೊರಡುವಾಗ ಎಚ್ಚರಿಸಿದರು: "ನಾಳೆ ಬೆಳಗಾಪ್ವರೆಗೆ ಕಿಟ್ಕಿ, ಬಾಗ್ಲ್ ತೆಗೂಕಾಗ. ಗಾಳಿ ತಿರ್ಗಿ ಹೊಕ್ಕತ್ತ್."

"ಕಿಟ್ಕಿ ಹಾಕಿ ಇಟ್ರೆ ಹಪ್ಳ ಒಣ್ಗತ್ತಾ?" ಎಂದು ಜಲಜ ನನ್ನ ಮುಖ ನೋಡಿದಳು.

ಇಲ್ಲಿ ನಾನು ವಿಜ್ಞಾನದ ಪರವಾಗಿ ನಿಲ್ಲಬೇಕಿತ್ತು. ನಿಂತೆ ಕೂಡ. ಕೋಣೆ ಮುಚ್ಚಿದರೆ ಶಾಖ ಪೋಲಾಗುವುದಿಲ್ಲ, ಆದ್ದರಿಂದ ಶೀನಣ್ಣ ಹೇಳಿದ್ದು ಸಂಪೂರ್ಣ ವೈಜ್ಞಾನಿಕ ಎಂದು ಘೋಷಿಸಿದೆ! ಬಾಗಿಲ ಕೆಳಗಿನ ಬೆಕ್ಕಿನ ದಾರಿಗೂ ಗೋಣಿ ತುರುಕಿದೆ. ಒಲೆಗೆ ಇನ್ನಷ್ಟು ಮಡಲು ಹಾಕಿದೆ.

ಬೆಳಿಗ್ಗೆ ಬಾಗಿಲು ತೆರೆದಾಗ ಹಬೆ ಮುಖಕ್ಕೆ ಬಡಿಯಿತು. ಗೋಡೆ ಬೆವರಿತ್ತು. ತಾರಸಿಯಿಂದ ಹನಿ ತೊಟ್ಟಿಕ್ಕುತ್ತಿತ್ತು. ಹಪ್ಪಳಗಳು ಉಬ್ಬಿ, ಮೆತ್ತಗಾಗಿ, ಒಂದಕ್ಕೊಂದು ತಬ್ಬಿಕೊಂಡಿದ್ದವು. ನೀರಾವಿ ಹೊರಗೆ ಹೋಗದೆ ಯಾವುದೂ ಒಣಗುವುದಿಲ್ಲ ಎಂದು ನಾನು ವರ್ಷವೂ ಮಕ್ಕಳಿಗೆ ಹೇಳಿಕೊಡುತ್ತೇನೆ.

ಜಲಜ ಒಂದು ಹಪ್ಪಳ ಎತ್ತಿದಳು. ಅದರ ಹಿಂದೆ ಇನ್ನೂ ಎಂಟು ಹತ್ತು ಬಂದವು.

"ಹ್ವಾಯ್, ನಾನ್ ಮಾಡಿದ್ದ್ ಹಪ್ಳ" ಎಂದಳು. "ನೀವ್ ಮಾಡಿದ್ದ್ ಕಡ್ಬ್."

ಆ ಮೇಲೆ ಅವಳು ಸೆರಗು ಸಿಕ್ಕಿಸಿಕೊಂಡಳು. ಹಳಸುವ ಮೊದಲೇ ಎಲ್ಲವನ್ನೂ ಮತ್ತೆ ಗುದ್ದಿ, ಒತ್ತಿ, ಚಾಪೆಗೆ ಹರಡಿ, ಹಂಡೆಯ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದಳು. ನಾನು ಹೊತ್ತಿಸಿದ ಬೆಂಕಿಯ ಕಾವಿಗೆ ಹಪ್ಪಳ ಗರಿಗರಿಯಾಗಿ ಒಣಗಿತು. ನೀರು ಬೇಡ. ಪೈಪು ಬೇಡ. ಹನ್ನೆರಡು ಬಾಯಿಯ ಮನಿಪೋಲು ಬೇಡವೇ ಬೇಡ!

ಮದುವೆಯ ಪಂಕ್ತಿಯಲ್ಲಿ ಹಪ್ಪಳಕ್ಕೆ ತುಸು ಹೊಗೆಯ ಪರಿಮಳವಿತ್ತು. ಜನ ಕೇಳಿ ಕೇಳಿ ಹಾಕಿಸಿಕೊಂಡರು. ಭಾವನ ಹೆಂಡತಿಯೇ ಮೂರನೆಯದಕ್ಕೆ ಕೈ ಚಾಚಿದಾಗ ಜಲಜ ನನ್ನ ಕಡೆ ನೋಡಿ ನಕ್ಕಳು. ಅದು ಕ್ಷಮೆ ಎಂದು ನಾನು ತಿಳಿದುಕೊಂಡಿದ್ದೇನೆ.

ಅಷ್ಟರಲ್ಲಿ ಪಕ್ಕದ ಎಲೆಯವರು ಅತ್ತೆಯನ್ನು ಕೇಳಿದರು: "ನಿಮ್ಮ್ ಮನಿ ನೆಲಕ್ಕೆ ಗಾಳಿ ಹೊಕ್ಕಿತ್ತಂಬ್ರಲೆ, ಬಿಟ್ತಾ?"

ನಾನು ತಲೆ ತಗ್ಗಿಸಿ, ಈ ಸಲ ತಾರಸಿಯ ಮೇಲೆ ಬಿಸಿಲು ಹಿಡಿಯುವ ಕನ್ನಡಿಯೊಂದನ್ನು ಕೂರಿಸಿದರೆ ಹೇಗೆ ಎಂದು ಎಲೆಯ ಅಂಚಿನಲ್ಲಿ ಸಾರಿನಿಂದ ಚಿತ್ರ ಬಿಡಿಸುತ್ತಿದ್ದೆ. ಅತ್ತೆ ಅದನ್ನು ನೋಡಿದರು. ನಿಟ್ಟುಸಿರು ಬಿಟ್ಟರು.

"ನೆಲದ್ ಗಾಳಿ ಬಿಟ್ತ್ ಮಾರಾಯ್ರೆ. ಅಳಿಯಂದ್ ಇನ್ನೂ ಬಿಡ್ಲಿಲ್ಲೆ."