ಗಿರಾಕಿಯ ಗುಟ್ಟು, ಮೇಡಮ್ಮಿನ ಕಾವಲು

ಗಿರಾಕಿ ದುಬೈಯಲ್ಲಿ, ಅಂಗಡಿ ಕಂಪ್ಯೂಟರಿನೊಳಗೆ, ಸಾಮಾನು ಇನ್ಯಾರದೋ ಗೋಡೌನಿನಲ್ಲಿ. ಇಂಥ ವ್ಯಾಪಾರದಲ್ಲಿ ಏನಾದರೊಂದು ಆಗದೆ ಒಂದು ವಾರವೂ ಕಳೆಯುತ್ತಿರಲಿಲ್ಲ.

ಇಂಟರ್ನೆಟ್ಟಿನಲ್ಲಿ ಉಡುಗೊರೆ ಮಾರುವುದು ಮದರಾಸಿಗೆ ಹೊಸದಾಗಿದ್ದ ಕಾಲ ಅದು. ಕ್ರೋಂಪೇಟೆಯ ಮನೆಯಿಂದ ಟ್ರೈನು, ಬಸ್ಸು ಹಿಡಿದು ಅಂಬತ್ತೂರಿನ ಅಂಥದೊಂದು ಕಂಪನಿಗೆ ಹೋಗುತ್ತಿದ್ದೆ. ನಮ್ಮ ಹತ್ತಿರ ಸ್ವಂತದ್ದು ಅಂತ ಒಂದು ಚಾಕಲೇಟೂ ಇರಲಿಲ್ಲ. ಆರ್ಡರ್ ಬಂದರೆ ಹೆಸರು, ವಿಳಾಸ, ಫೋನು ಎಲ್ಲ ಕೇಕಿನವರಿಗೋ ಹೂವಿನವರಿಗೋ ಕಳಿಸುತ್ತಿದ್ದೆವು. ಅವರು ಮನೆಗೆ ಮುಟ್ಟಿಸುತ್ತಿದ್ದರು. ಆ ವಿಳಾಸ ಆಮೇಲೆ ಯಾರ ಯಾರ ಜೇಬು ಸೇರುತ್ತದೆ ಅಂತ ಊರಿಗೆಲ್ಲ ಒಬ್ಬರಿಗೇ ಚಿಂತೆ. ಅವರು ಗಿರಾಕಿಗಳ ದೂರು, ಸಪ್ಲೈಯರುಗಳ ವಿಚಾರ ನೋಡಿಕೊಳ್ಳುತ್ತಿದ್ದ ನಮ್ಮ ಮೇಡಂ.

ಮೇಡಂ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದು, ಸ್ವಯಂನಿವೃತ್ತಿ ತಗೊಂಡು ಬಂದವರು. ನಮ್ಮ ಹಾಗೇ ತಲೆಮಾರುಗಳಿಂದ ಮದರಾಸಿನಲ್ಲಿದ್ದ ಕನ್ನಡದ ಮನೆತನ. "ಟ್ರಂಕ್ ಕಾಲ್ ಕಾಲದೋಳು ಮಾ ನಾನು. ಮದರಾಸಿನ ಅರ್ಧ ಗುಟ್ಟು ನನ್ನ ಕಿವೀಲಿದೆ. ಬಾಯಲ್ಲಿ ಒಂದೂ ಇಲ್ಲ" ಅನ್ನುತ್ತಿದ್ದರು. ಮೊದಮೊದಲು ನಗುತ್ತಿದ್ದೆ. ಆಮೇಲೆ ಗೊತ್ತಾಯಿತು, ಆಕೆ ಹೇಳಿದ್ದು ಅಕ್ಷರಶಃ ನಿಜ.

ರಾಜಪ್ಪನವರು ಊಟಕ್ಕೆ ಕೂತಿದ್ದಾರೆ

ಹೊಸ ವರ್ಷ ಹತ್ತಿರ ಬಂದಿತ್ತು. ಗಿರಾಕಿಯೊಬ್ಬರು ದೂರು ಕೊಟ್ಟರು: "ನಿಮ್ಮ ಮೂಲಕ ನಮ್ಮತ್ತೆಗೆ ಒಂದು ಕೇಕ್ ಕಳಿಸಿದೆ. ಆವತ್ತಿನಿಂದ ಯಾರೋ ಅವರಿಗೆ ಫೋನ್ ಮಾಡಿ ಕೇಕ್ ಬೇಕಾ, ಪಫ್ಸ್ ಬೇಕಾ ಅಂತ ಪ್ರಾಣ ತಿಂತಿದ್ದಾರೆ."

ಮೇಡಮ್ಮಿಗೆ ಕೇಕಿನವರ ಮೇಲೆ ಅನುಮಾನ. ಕೇಳಿದರೆ ಆ ಮಾಲೀಕರು, "ದೇವರಾಣೆಗೂ ನಾವಲ್ಲ" ಅಂದರು. ಮೇಡಂ ವಾದಕ್ಕೆ ಹೋಗಲಿಲ್ಲ. ರಾಜಪ್ಪ ಅಂತ ಹೆಸರು ಕೊಟ್ಟು, ಸ್ವಂತ ಮನೆಯ ವಿಳಾಸ, ಫೋನು ಹಾಕಿ ಆ ಅಂಗಡಿಗೇ ಒಂದು ಸಣ್ಣ ಕೇಕಿನ ಆರ್ಡರ್ ಕಳಿಸಿದರು. ರಾಜಪ್ಪ ಅವರ ಮನೆಯ ನಾಯಿ.

ಆ ವಾರವೇ ಅವರ ಮನೆಗೆ ಫೋನ್ ಬಂತು. ಮರುದಿನ ಆಫೀಸಿನಲ್ಲಿ ಅದನ್ನು ಅಭಿನಯಿಸಿಯೇ ತೋರಿಸಿದರು.

"ರಾಜಪ್ಪ ಸಾರ್ ಇದ್ದಾರಾ?"

"ಇದ್ದಾರೆ. ಊಟಕ್ಕೆ ಕೂತಿದ್ದಾರೆ."

"ಹೊಸ ವರ್ಷಕ್ಕೆ ನಮ್ಮ ಅಂಗಡಿಯಿಂದ ನೇರವಾಗಿ ತಗೊಂಡರೆ ರಿಯಾಯಿತಿ ಇದೆ ಮೇಡಂ. ಸಾರ್‌ಗೆ ಏನಿಷ್ಟ?"

"ಮೊಸರನ್ನ ಇಷ್ಟ. ನಿಮ್ಮ ಡೆಲಿವರಿಯವರನ್ನ ಕಂಡರೆ ಮಾತ್ರ ಬೇರೆ ರುಚಿ ನೆನಪಾಗುತ್ತೆ."

ಕೇಕಿನವರ ಸಂಬಂಧ ಅವತ್ತೇ ಮುಗಿಯಿತು. ನಮ್ಮ ಬಾಸ್ ತಲೆಮೇಲೆ ಕೈಹೊತ್ತು ಕೂತರು. ಸೀಸನ್ನಿನಲ್ಲಿ ಅಷ್ಟು ಕೇಕ್ ಬೇರೆ ಯಾರು ಮಾಡಿಕೊಡುತ್ತಾರೆ? "ಈ ಒಂದು ಸಲ ಬಿಟ್ಟುಬಿಡಿ ಮೇಡಂ" ಅಂತ ಗೋಗರೆದರು. "ಜನ ನಮ್ಮನ್ನ ನಂಬಿ ವಿಳಾಸ ಕೊಟ್ಟಿದ್ದಾರೆ ಸಾರ್. ಆ ಕೇಕ್ ಇರಲಿ, ಇಲ್ಲ ನಾನಿರ್ತೀನಿ" ಅಂದರು ಮೇಡಂ. ಕೊನೆಗೆ ನಾವೆಲ್ಲ ಸೇರಿ ನಗರದ ಸಣ್ಣ ಸಣ್ಣ ಬೇಕರಿಗಳನ್ನೆಲ್ಲ ಅಲೆದು, ಸೀಸನ್ ದಾಟಿಸಿದೆವು.

ಕೇಕಿನ ಮಾಲೀಕರು ಕ್ಷಮೆ ಕೇಳಲು ಮೇಡಂ ಮನೆಗೇ ಹೋದರಂತೆ. ಗೇಟಿನಲ್ಲಿ ಕೈಮುಗಿದು, "ರಾಜಪ್ಪ ಸಾರ್‌ಗೂ ಒಂದು ಮಾತು ಹೇಳಿ ಹೋಗ್ತೀನಿ" ಅಂದರಂತೆ. ಮೇಡಂ ಸರಪಳಿ ಬಿಚ್ಚಿದರು.

ಬಹಳ ಓದುವ ಮನುಷ್ಯ

ಬೆಸೆಂಟ್ ನಗರದ ಗಿರಾಕಿಯೊಬ್ಬರು ನಮ್ಮ ಮೂಲಕ ಒಂದು ವಿಗ್ಗು ತರಿಸಿದರು. ವಿಗ್ಗಿನ ಸಪ್ಲೈಯರು ಪೆಟ್ಟಿಗೆಯ ಮೇಲೆ ಒಳಗೇನಿದೆ ಅಂತ ದಪ್ಪ ಅಕ್ಷರದಲ್ಲಿ ಬರೆದರು. ಕೊರಿಯರಿನವರು ಫ್ಲಾಟಿನ ಕೆಳಗೆ ನಿಂತು, "ಸಾರ್, ತಲೆಕೂದಲು ಬಂದಿದೆ!" ಅಂತ ಕೂಗಿದರು. ಬಾಲ್ಕನಿಗಳೆಲ್ಲ ತುಂಬಿದವು. ಗಿರಾಕಿ ಮಾತ್ರ ಹೊರಗೆ ಬರಲಿಲ್ಲ. ಕೊರಿಯರಿನವರು ಪೆಟ್ಟಿಗೆಯನ್ನು ನಮಗೇ ವಾಪಸ್ಸು ತಂದುಕೊಟ್ಟರು, ಗಿರಾಕಿ ಫೋನ್ ಮಾಡಿ ಮಾನ ಹೋಯಿತು ಅಂತ ಗೋಳಾಡಿದರು.

ಮೇಡಂ ತಾವೇ ಆಟೋದಲ್ಲಿ ಅವರ ಮನೆಗೆ ಹೋದರು. ಎಲ್ಲರಿಗೂ ಕೇಳುವ ಹಾಗೆ ಗೇಟಿನಲ್ಲಿ ನಿಂತು, "ಸಾರ್, ಕ್ಷಮಿಸಿ, ಬೇರೆಯವರ ಪಾರ್ಸಲ್ ಇಲ್ಲಿಗೆ ಬಂದುಬಿಟ್ಟಿತ್ತು. ನೀವು ಕೇಳಿದ್ದು ಪುಸ್ತಕ" ಅಂದು, ಅದೇ ವಿಗ್ಗನ್ನು ಪುಸ್ತಕದ ಪೆಟ್ಟಿಗೆಯಲ್ಲಿಟ್ಟು ಕೊಟ್ಟು ಬಂದರು. ಆಮೇಲೆ ಯಾವ ಪಾರ್ಸಲ್ಲಿನ ಮೇಲೂ ಒಳಗಿನ ಸಾಮಾನಿನ ಹೆಸರು ಬರೆಯಕೂಡದು ಅಂತ ಎಲ್ಲ ಸಪ್ಲೈಯರುಗಳಿಗೂ ಕಟ್ಟಪ್ಪಣೆಯಾಯಿತು.

ಸ್ವಲ್ಪ ದಿನಕ್ಕೆ ಆ ಗಿರಾಕಿ ಮತ್ತೆ ಫೋನ್ ಮಾಡಿದರು. "ಮೇಡಂ, ದಯವಿಟ್ಟು ಒಂದಿಷ್ಟು ನಿಜವಾದ ಪುಸ್ತಕ ಕಳಿಸಿ. ಪಕ್ಕದ ಮನೆಯವರು ಓದೋಕೆ ಕೊಡಿ ಅಂತ ಬಾಗಿಲಲ್ಲೇ ನಿಂತಿದ್ದಾರೆ!"

ಜಾತಕ ಮಾತ್ರ

ಸಿಹಿತಿಂಡಿ ಕೊಡುತ್ತಿದ್ದವರು ಒಬ್ಬ ಉಡುಪಿ ಹೋಟೆಲಿನ ಭಟ್ಟರು. ಅವರ ಮೈಸೂರು ಪಾಕಿನ ಮೇಲೆ ಒಂದು ದೂರೂ ಬಂದದ್ದಿಲ್ಲ. ಒಂದು ದಿನ ಸಿಂಗಪುರದಿಂದ ಒಬ್ಬಳು ಹುಡುಗಿ ಫೋನ್ ಮಾಡಿ ರೇಗಾಡಿದಳು. ಅವಳು ಮದರಾಸಿನಲ್ಲಿದ್ದ ಅಮ್ಮನಿಗೆ ಮೈಸೂರು ಪಾಕು ಕಳಿಸಿದ್ದಳು. ಆರ್ಡರಿನಲ್ಲಿದ್ದ ಅವಳ ನಂಬರಿಗೆ ಭಟ್ಟರು ಫೋನ್ ಮಾಡಿ ಮದುವೆಯಾಗಿದೆಯಾ ಅಂತ ವಿಚಾರಿಸಿ, ಜಾತಕ ಕೇಳಿದ್ದರು!

ಮೇಡಂ ಭಟ್ಟರನ್ನು ಕರೆಸಿದರು. "ಗಿರಾಕಿ ನಂಬರ್ ಇರೋದು ನಿಮ್ಮ ಸ್ವಂತ ಕೆಲಸಕ್ಕಾ?"

"ಅಲ್ಲ ಮಾರಾಯ್ರೇ, ನಾನೆಂತ ಕದ್ದದ್ದಾ? ಹೆಸರು ನೋಡಿದೆ, ನಮ್ಮ ಊರಿನ ಕಡೆಯವರು. ನಮ್ಮ ಅಕ್ಕನ ಮಗನಿಗೆ ಹುಡುಗಿ ಹುಡುಕ್ತಾ ಇದ್ದೇವೆ. ಜಾತಕ ಕೇಳಿದ್ದು, ಅಷ್ಟೇ."

"ಜಾತಕಕ್ಕಿಂತ ದೊಡ್ಡ ಮಾಹಿತಿ ಇನ್ನೇನಿದೆ ಭಟ್ರೇ?"

ಭಟ್ಟರು ಬೆವರೊರೆಸಿಕೊಂಡು ಹುಡುಗಿಯ ಕ್ಷಮೆ ಕೇಳಿದರು. ಅಂದಿನಿಂದ ಕಳಿಸುವವರ ಹೆಸರು, ನಂಬರು ಸಪ್ಲೈಯರುಗಳ ಕಣ್ಣಿಗೇ ಬೀಳದ ಹಾಗೆ ಮೇಡಂ ಏರ್ಪಾಡು ಮಾಡಿಸಿದರು. ವಾರ ಕಳೆದ ಮೇಲೆ ಹುಡುಗಿಯ ತಾಯಿಯ ಫೋನ್ ಬಂತು. ಬೈಗುಳ ಕೇಳಲು ಮೇಡಂ ಸಿದ್ಧರಾಗಿಯೇ ಎತ್ತಿದರು. ಆ ತಾಯಿ ದನಿ ತಗ್ಗಿಸಿ ಕೇಳಿದರು: "ಆ ಹುಡುಗನ ನಕ್ಷತ್ರ ಯಾವುದಮ್ಮಾ?"

"ಕ್ಷಮಿಸಿ, ಅದು ಸಪ್ಲೈಯರ್ ಕಡೆಯ ಮಾಹಿತಿ. ಕೊಡೋ ಹಾಗಿಲ್ಲ."

ಯಾರು ಕಳಿಸಿದ್ದು?

ಸೀರೆ ಅಂಗಡಿಯವರೊಬ್ಬರು ವಿಳಾಸದ ಗುರುತು ಕೇಳಲು ಆಫೀಸಿಗೆ ಫೋನ್ ಮಾಡಿದರು. ಎತ್ತಿದ್ದು ಮೇಡಂ. ಅವರು ಓದಿ ಹೇಳಿದ ವಿಳಾಸ ಮೇಡಮ್ಮಿನ ಮನೆಯದೇ! ಮರುದಿನ ಅವರ ಹುಟ್ಟುಹಬ್ಬ. ಕಳಿಸಿದವರ ಹೆಸರು ಅಂಗಡಿಯವರಿಗೂ ಗೊತ್ತಿಲ್ಲ. ಆರ್ಡರ್ ನೋಡಿಕೊಳ್ಳುತ್ತಿದ್ದದ್ದು ನಾನು. ತಮ್ಮ ಹೆಸರು ಹೇಳಬೇಡಿ ಅಂತ ಗಿರಾಕಿ ನನ್ನನ್ನು ಕೇಳಿಕೊಂಡಿದ್ದರು. ಮೇಡಂ ತಾವೇ ಕಂಪ್ಯೂಟರಿನಲ್ಲಿ ತೆಗೆದು ನೋಡಬಹುದಿತ್ತು. ತಾನು ನಡೆಸದ ಆರ್ಡರನ್ನು ಯಾರೂ ತೆರೆಯಬಾರದು ಅನ್ನುವುದು ಅವರದೇ ನಿಯಮ. ಆಕೆ ಕೀಬೋರ್ಡಿನ ಹತ್ತಿರ ಕೈಯನ್ನೂ ತರಲಿಲ್ಲ. ನನ್ನ ಮೇಜಿನ ಹತ್ತಿರ ಮಾತ್ರ ಬಂದು ನಿಂತರು.

"ಯಾರು ಮಾ ಕಳಿಸಿದ್ದು?"

"ಹೇಳೋ ಹಾಗಿಲ್ಲ ಮೇಡಂ."

"ನಾನು ನಿನ್ನ ಮೇಡಂ ಕಣೇ!"

"ಈ ಆರ್ಡರಿನಲ್ಲಿ ನೀವು ಬರೀ ಸಾಮಾನು ತಗೊಳ್ಳೋರು ಮೇಡಂ."

"ಗಂಡಸಾ ಹೆಂಗಸಾ, ಅಷ್ಟಾದರೂ ಹೇಳು."

"ಅದೂ ಮಾಹಿತಿಯೇ, ನೀವೇ ಕಲಿಸಿದ್ದು."

ಸಿಟ್ಟು ಬರುತ್ತದೆ ಅಂದುಕೊಂಡೆ. ಮೇಡಂ ನನ್ನ ಬೆನ್ನು ತಟ್ಟಿ ಹೋದರು. ಅಷ್ಟು ಹೆಮ್ಮೆ ನನಗೆ ಆ ಆಫೀಸಿನಲ್ಲಿ ಇನ್ಯಾವತ್ತೂ ಆಗಿಲ್ಲ.

ಮಾರನೆಯ ದಿನ ಮಧ್ಯಾಹ್ನ ಹೊಸ ನೇರಳೆ ಬಣ್ಣದ ಸೀರೆ ಉಟ್ಟು, ಮುಖ ಗಂಟು ಹಾಕಿಕೊಂಡು ಬಂದರು. ಹಿಂದೆಯೇ ನನಗೊಂದು ಫೋನ್. ಮೇಡಮ್ಮಿನ ಯಜಮಾನರು, ನಿವೃತ್ತ ಗಣಿತದ ಮೇಷ್ಟ್ರು.

"ಅಮ್ಮಾ, ಸೀರೆ ನಾನೇ ಕಳಿಸಿದ್ದು ಅಂತ ಬೆಳಗಿನಿಂದ ಹೇಳ್ತಿದೀನಿ, ಅವಳು ನಂಬ್ತಾ ಇಲ್ಲ. ಸುಮ್ನೆ ಕತೆ ಬಿಡಬೇಡಿ ಅಂತಾಳೆ. ನೀವಾದರೂ ಹೇಳಿ."

"ಆಗಲಿ ಸಾರ್. ಆದರೆ ನೀವೇ ಗಿರಾಕಿ ಅಂತ ಖಾತ್ರಿ ಮಾಡ್ಕೋಬೇಕು. ಸೀರೆ ಜೊತೆ ಏನು ಸಂದೇಶ ಬರೆಸಿದ್ದಿರಿ?"

ಮೇಷ್ಟ್ರು ಒಂದು ಸಲ ಕೆಮ್ಮಿದರು. ಆಮೇಲೆ ಮೆಲ್ಲಗೆ, "ಅದನ್ನೆಲ್ಲ ಬಾಯಲ್ಲಿ ಹೇಳೋದು ಹೇಗಮ್ಮಾ? ನಾಚಿಕೆ ಆಗುತ್ತೆ."

ಪಕ್ಕದಲ್ಲೇ ಕಿವಿಗೊಟ್ಟು ನಿಂತಿದ್ದ ಮೇಡಂ ಫೋನ್ ಕಸಿದುಕೊಂಡರು.

"ಅದನ್ನ ಓದಿದ ಮೇಲೇ ರೀ, ಇದು ನೀವಲ್ಲ ಅಂತ ನನಗೆ ಅನುಮಾನ ಬಂದಿದ್ದು!"