ಮದಾಮಿನ ಗಂಟಲು, ಇನಾಸನ ರಜೆ

ರಗಳೆಯೆಲ್ಲ ಶುರುವಾದದ್ದು ಮದಾಂ ಕಾತಿನ್ಕಾ ಒಂದು ಬೆರಳನ್ನು ಗಂಟಲಿಗೆ ಮುಟ್ಟಿಸಿ ತಲೆ ಅಲ್ಲಾಡಿಸಿದ್ದರಿಂದ.

ಬೆಳಿಗ್ಗೆ ಹತ್ತೂವರೆಗೆ ದುಬೈಯ ಹೋಟೆಲಿನ ಮುಂದೆ ಇಗ್ನೇಶಿಯಸ್ ಕಾರಿನ ಹಿಂಬಾಗಿಲು ತೆರೆದು, ಬಗ್ಗಿ, "ಗುಡ್ ಮಾರ್ನಿಂಗ್ ಮೇಡಂ" ಅಂದಿದ್ದ. ಊರವರ ಬಾಯಲ್ಲಿ ಅವನು ಇನಾಸ್. ಇಪ್ಪತ್ತೈದು ವರ್ಷದಿಂದ ಬಾಡಿಗೆ ಕಾರಿನ ಕಂಪೆನಿಯೊಂದರಲ್ಲಿ ಡ್ರೈವರ್. ಬಗ್ಗಿ ನಮಸ್ಕಾರ ಹೇಳಿದರೆ ಉತ್ತರ ಬಾರದಿರುವುದು ಅವನಿಗೆ ಹೊಸತಲ್ಲ. ಆದರೆ ಇವರು ಮೂವತ್ತು ದೇಶ ಸುತ್ತಿದ ಒಪೆರಾ ಗಾಯಕಿ. ಸೊಪ್ರಾನೊ. ಸೊಪ್ರಾನೊ ಅಂದರೆ ಏನೆಂದು ಇನಾಸನಿಗೆ ಗೊತ್ತಿತ್ತು. ಊರಿನ ಇಗರ್ಜಿಯ ಕೊಯರಿನಲ್ಲಿ ಮುಂದಿನ ಸಾಲಲ್ಲಿ ನಿಂತು ಮಾಡಿನ ಹಂಚು ನಡುಗಿಸುವ ಹೆಂಗಸರು. ಸಂಜೆ ಏಳೂವರೆಗೆ ಅಬುಧಾಬಿಯಲ್ಲಿ ಹಾಡಬೇಕಾದ ಅಂಥವರ ಬಾಯಿಂದ ಒಂದು 'ಹೂಂ' ಕೂಡ ಹೊರಡುತ್ತಿಲ್ಲ!

ಕಾರು ಹೊರಟ ಮೇಲೆ ಮದಾಂ ಏಸಿಯ ಕಡೆ ಕೈ ತೋರಿಸಿ, ಬೇಡ ಎಂದು ಸನ್ನೆ ಮಾಡಿದರು. ಹೊರಗೆ ಸೆಪ್ಟೆಂಬರಿನ ಬಿಸಿಲು. ಎರಡು ಸಿಗ್ನಲ್ ದಾಟುವಷ್ಟರಲ್ಲಿ ಇನಾಸ್ ಹಬೆಯಲ್ಲಿಟ್ಟ ಇಡ್ಲಿಯಂತಾದ. ಬೆವರಿಗಿಂತ ಹೆಚ್ಚು ಹೆದರಿಕೆ. ಮದಾಮಿನ ಸ್ವರ ಹೋಗಿದೆ. ನಾಳೆ ಎಲ್ಲರೂ ಹೇಳುವುದು, ಇನಾಸನ ಕಾರಿನ ಏಸಿಯಿಂದ ಹೋಯಿತು ಎಂದು.

ನಿನ್ನೆಯಷ್ಟೇ ಮ್ಯಾನೇಜರ್ ಕ್ಲೈವ್ ಹೇಳಿದ್ದ: "ಇನಾಸ್, ನಾಳೆ ನಾಲ್ಕು ಗಂಟೆಯೊಳಗೆ ಮೇಡಂನ ಅಬುಧಾಬಿಗೆ ಮುಟ್ಟಿಸಿ. ಒಂದು ಕಂಪ್ಲೇಂಟ್ ಬರ್ಲಿಲ್ವಾ, ನಿಮ್ಮ ರಜೆಗೆ ಸೈನ್. ಬಂತಾ, ಖಲಾಸ್."

ರಜೆ ಮಗಳು ಜೋಯ್ಲಿನ್‌ಳ ಮದುವೆಗೆ. ಮುಂದಿನ ಶನಿವಾರ ರೋಸ್. ಮದುಮಗಳ ತಲೆಗೆ ಹೆತ್ತವರು ತೆಂಗಿನ ಹಾಲು ಹಾಕಿ ಹರಸುವ ದಿನ. ಅವಳ ಬಪ್ತಿಸ್ಮಕ್ಕೆ ಇನಾಸ್ ಇರಲಿಲ್ಲ, ಡಿಗ್ರಿ ಸಿಕ್ಕಿದ ದಿನ ವಿಡಿಯೋದಲ್ಲಿ ಕೈಬೀಸಿದ್ದ. ಅವಳು ಮೊನ್ನೆ ಫೋನಿನಲ್ಲಿ ಕೇಳಿದ್ದಳು: "ರೋಸಿಗೂ ವಿಡಿಯೋದಲ್ಲೇ ಬಂದ್ರೆ ತೆಂಗಿನ ಹಾಲು ಫೋನಿಂದ ಇಳೀತದಾ ಪಪ್ಪಾ?"

ಇನಾಸ್ ಕಾರು ಬದಿಗೆ ಹಾಕಿ ಅಪೊಲೊನಿಯಾಬಾಯಿಗೆ ಫೋನ್ ಮಾಡಿದ. ದುಬೈಯ ಸತ್ವಾ ಬಡಾವಣೆಯ ಹಳೆಯ ವಿಲ್ಲಾದಲ್ಲಿ ಅವನು ಮಲಗುವ ಕೋಣೆಯ ಪಕ್ಕದ ಕೋಣೆ ಅವರದು. ಮೂವತ್ತು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವರು. ಡಾಕ್ಟರರಿಗೂ ಬೈದು ಅಭ್ಯಾಸ.

"ಬಾಯಮ್ಮ, ಹಾಡುವವರಿಗೆ ಗಂಟಲು ಹೋದ್ರೆ ಎಂತ ಕೊಡುದು?"

"ಅದನ್ನು ಫೋನಲ್ಲಿ ಕೇಳ್ತೀಯಾ? ಕರ್ಕೊಂಡು ಬಾ ಇಲ್ಲಿ. ಹತ್ತೇ ನಿಮಿಷ."

ಅಪೊಲೊನಿಯಾಬಾಯಿಯ ಹತ್ತು ನಿಮಿಷ ಎಷ್ಟು ಉದ್ದ ಎಂಬುದು ಇನಾಸನಿಗೆ ಗೊತ್ತಿರಬೇಕಿತ್ತು.

ವಿಲ್ಲಾದ ಅಡುಗೆಮನೆಯಲ್ಲಿ ಶುಂಠಿ ಜಜ್ಜಿದ ಸದ್ದಿಗೇ ಮದಾಂ ಕಣ್ಣರಳಿಸಿದರು. ಕಾಳುಮೆಣಸು, ಜೀರಿಗೆ, ಬೆಲ್ಲ ಹಾಕಿ ಕುದಿಸಿದ ಕಷಾಯ ಮೂಗಿನ ಹತ್ತಿರ ಬಂದಾಗ ಒಂದು ಹೆಜ್ಜೆ ಹಿಂದೆ ಸರಿದರು.

"ಕುಡಿ ಮಗಾ, ಹಟ ಮಾಡ್ಬೇಡ," ಎಂದು ಅಪೊಲೊನಿಯಾಬಾಯಿ ಲೋಟ ತುಟಿಗೇ ಹಿಡಿದರು. ಐವತ್ತು ದಾಟಿದ ಮದಾಂ ಸಣ್ಣ ಹುಡುಗಿಯಂತೆ ಕಣ್ಣು ಮುಚ್ಚಿ ಕುಡಿದರು.

ಅಷ್ಟರಲ್ಲಿ ಎದುರಿನ ಟೈಲರ್ ಅಂಗಡಿಯ ಮುಹಿಯುದ್ದೀನ್ ಕಾಕ ಬಂದರು. ಸತ್ವಾದ ಗಲ್ಲಿಯಲ್ಲಿ ಕಪ್ಪು ಲೆಕ್ಸಸ್ ಕಾರು ನಿಂತರೆ ಯಾರಿಗೆ ಸುಮ್ಮನಿರಲು ಆಗುತ್ತದೆ?

"ಬರೀ ಕಷಾಯದಲ್ಲಿ ಎಂತ ಆಗ್ತದೆ ಬಾಯಮ್ಮ? ಕುತ್ತಿಗೆಗೆ ಹೊರಗಿಂದ ಬಿಸಿ ಬೇಕು," ಎಂದವರೇ ಓಡಿಹೋಗಿ, ಅಂಗಡಿಯ ಇಸ್ತ್ರಿಪೆಟ್ಟಿಗೆಯಲ್ಲಿ ಕಾಯಿಸಿದ ಫ್ಲಾನೆಲ್ ತುಂಡೊಂದನ್ನು ತಂದರು.

"ನೀವು ಕೋಟು ಹೊಲಿಯುವವರು, ಹೆಂಗಸಿನ ಗಂಟಲಿಗೆ ಕೈ ಹಾಕ್ಬೇಡಿ. ಇಲ್ಲಿ ಕೊಡಿ," ಎಂದು ಅಪೊಲೊನಿಯಾಬಾಯಿ ಅದನ್ನು ಕಿತ್ತುಕೊಂಡು ತಾವೇ ಸುತ್ತಿದರು.

"ಕೋಟಿನ ಕುತ್ತಿಗೆ ನಲ್ವತ್ತು ವರ್ಷದಿಂದ ನಾನೇ ನೋಡುದಲ್ವಾ!"

ಆಮೇಲೆ ನೀಲಗಿರಿ ಎಣ್ಣೆ ಹಾಕಿದ ಬಿಸಿನೀರಿನ ಪಾತ್ರೆಗೆ ಮದಾಮಿನ ಮುಖ ಬಗ್ಗಿಸಿ ಮೇಲೆ ಕಂಬಳಿ ಹೊದೆಸಿದರು. ಹೊರಬಂದಾಗ ಗೋಪುರದಂತಿದ್ದ ಕೂದಲು ಮಳೆಯಲ್ಲಿ ನೆನೆದ ಕೋಳಿಯ ಪುಕ್ಕದಂತಾಗಿತ್ತು. ಇನಾಸ್ ಗಡಿಯಾರ ನೋಡಿದ. ಹನ್ನೆರಡೂವರೆ.

"ಸಾಕು ಬಾಯಮ್ಮ, ಹೊರಡ್ತೇವೆ."

"ಉಣ್ಣದೆ ಹೋಗುದಾ? ಮುಖ ನೋಡು, ನಾಲ್ಕು ದಿವ್ಸದಿಂದ ಹಸಿದ ಹಾಗೆ ಉಂಟು!"

ಕುಚ್ಚಲಕ್ಕಿ ಗಂಜಿ, ಒಣಸಿಗಡಿ ಚಟ್ನಿ, ಮಿಡಿ ಉಪ್ಪಿನಕಾಯಿ. ಮದಾಂ ಮೊದಲು ಚಮಚದ ತುದಿಯಲ್ಲಿ ಮುಟ್ಟಿ ನೋಡಿದರು. ಆಮೇಲೆ ಚಮಚ ಬದಿಗಿಟ್ಟು ಬಟ್ಟಲನ್ನೇ ಎತ್ತಿದರು. ಎರಡನೇ ಸಲವೂ ಬಡಿಸಿಕೊಂಡರು. ಬೆರಳು ನೆಕ್ಕಿ, ಎದುರಿಗಿದ್ದ ಅಪೊಲೊನಿಯಾಬಾಯಿಯ ಮಂಚದ ಮೇಲೆ ಒರಗಿ, ಯಾರೂ ಏನೂ ಹೇಳುವ ಮೊದಲೇ ನಿದ್ದೆ ಹೋದರು. ಗೊರಕೆ ಮಾತ್ರ ಒಳ್ಳೆಯ ಎತ್ತರದ ಶ್ರುತಿಯಲ್ಲಿತ್ತು.

"ಸ್ವರ ಬಂತು ನೋಡು!" ಎಂದರು ಮುಹಿಯುದ್ದೀನ್ ಕಾಕ.

ಎಬ್ಬಿಸಲು ಇನಾಸನಿಗೆ ಧೈರ್ಯ ಬರಲಿಲ್ಲ. ಒಂದೂವರೆ ಆಯಿತು. ಎರಡಾಯಿತು. ಅವನು ಅಂಗಳದಲ್ಲಿ ಗೂಟಕ್ಕೆ ಕಟ್ಟಿದ ಆಡಿನ ಹಾಗೆ ಸುತ್ತಿದ. ಎರಡೂ ಮುಕ್ಕಾಲಿಗೆ ಫೋನ್ ಬಂತು. ಕ್ಲೈವ್.

"ಎಲ್ಲಿದ್ದೀರಿ ಇನಾಸ್?"

"ಅಬುಧಾಬಿ ರೋಡಲ್ಲಿ, ಜೆಬೆಲ್ ಅಲಿ ಹತ್ರ ಸರ್. ಭಯಂಕರ ಟ್ರಾಫಿಕ್."

"ಹೌದಾ? ನನ್ನ ಸ್ಕ್ರೀನಲ್ಲಿ ನಿಮ್ಮ ಗಾಡಿ ಬೆಳಿಗ್ಗೆ ಹನ್ನೊಂದರಿಂದ ಸತ್ವಾದ ಟೈಲರ್ ಅಂಗಡಿ ಎದುರು ನಿಂತಿದೆಯಲ್ಲ ಮಾರಾಯ್ರೆ?"

ಇನಾಸ್ ಎಲ್ಲವನ್ನೂ ಹೇಳಿಬಿಟ್ಟ. ಕಷಾಯ, ಫ್ಲಾನೆಲ್, ಕಂಬಳಿ, ಗಂಜಿ.

"ಇನಾಸ್," ಎಂದ ಕ್ಲೈವ್, ಸಾವಿನ ಮನೆಯಲ್ಲಿ ಮಾತಾಡುವ ಸ್ವರದಲ್ಲಿ. "ಅವರ ಗಂಟಲಿಗೆ ಏನೂ ಆಗಿರ್ಲಿಲ್ಲ. ದೊಡ್ಡ ಸಿಂಗರ್ಸ್ ಶೋ ದಿನ ಮಾತೇ ಆಡುದಿಲ್ಲ. ಸ್ವರ ಉಳಿಸುದು. ಖಾರ ಮುಟ್ಟುದಿಲ್ಲ, ಹುಳಿ ಮುಟ್ಟುದಿಲ್ಲ. ನೀವು ಉಪ್ಪಿನಕಾಯಿ ತಿನ್ನಿಸಿದ್ದೀರಿ! ಇವತ್ತು ಅವರ ಸ್ವರ ಒಡೆದ್ರೆ ರಜೆಯ ಮಾತೇ ಇಲ್ಲ. ವೀಸಾ ಕ್ಯಾನ್ಸಲ್, ಒನ್ ವೇ ಟಿಕೆಟ್."

ಮದಾಂ ಆ ಫೋನಿನ ಮಾತಿಗೆ ತಾವೇ ಎದ್ದು, ಮೈಮುರಿದು, ಕಾರು ಹತ್ತಿದರು. ಕುತ್ತಿಗೆಯ ಫ್ಲಾನೆಲ್ ಬಿಚ್ಚಲಿಲ್ಲ. ಅಪೊಲೊನಿಯಾಬಾಯಿ ಕಿಟಕಿಯಿಂದ ಒಂದು ಫ್ಲಾಸ್ಕ್ ಕಷಾಯ ತುರುಕಿದರು. "ಯಲ್ಲಾ, ಹೊರಡು! ಇಷ್ಟೊತ್ತು ಎಂತ ಮಾಡ್ತಾ ಇದ್ದೆ?" ಎಂದು ಬೈದದ್ದು ಇನಾಸನಿಗೆ.

ಅಬುಧಾಬಿ ಮುಟ್ಟುವಾಗ ನಾಲ್ಕೂ ಮುಕ್ಕಾಲು. ಸಭಾಂಗಣದ ಹಿಂಬಾಗಿಲಲ್ಲಿ ಕಾದಿದ್ದ ಕ್ಲೈವ್, ಕೂದಲು ಕೆದರಿ ನೀಲಗಿರಿ ಎಣ್ಣೆಯ ವಾಸನೆ ಬೀರುತ್ತಾ ಇಳಿದ ಮದಾಂನನ್ನು ನೋಡಿ ಕಣ್ಣು ಮುಚ್ಚಿಕೊಂಡ.

ಏಳೂವರೆಗೆ ಇನಾಸ್ ಅದೇ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತಿದ್ದ. ಕೂತು ಕೂತು ಅವನಿಗೊಂದು ವಿಷಯ ಹೊಳೆಯಿತು. ಸ್ವರ ಒಡೆಯದಿದ್ದರೆ ರಜೆ. ಒಡೆದರೆ ಒನ್ ವೇ ಟಿಕೆಟ್. ಎರಡೂ ವಿಮಾನ ಹೋಗುವುದು ಮಂಗಳೂರಿಗೇ ಅಲ್ಲವೇ? ಬೆಳಗ್ಗಿನಿಂದ ಮೊದಲ ಸಲ ಅವನಿಗೆ ಉಸಿರು ಸರಾಗವಾಯಿತು. ಮಗಳಿಗೆ ಮೆಸೇಜು ಕಳಿಸಿದ: 'ಬರ್ತೇನೆ ಮಗಾ. ಹೇಗಾದರೂ ಬಂದೇ ಬರ್ತೇನೆ.'

ಒಳಗಿನಿಂದ ಸ್ವರ ಎದ್ದಿತು. ಏರಿತು, ಇನ್ನೂ ಏರಿತು, ಸೀಟಿ ಹಾಕಲು ಶುರುಮಾಡಿ ನಿಲ್ಲಿಸಲು ಮರೆತ ಕುಕ್ಕರಿನಂತೆ. ಎಲ್ಲೂ ಒಡೆಯಲಿಲ್ಲ. ಚಪ್ಪಾಳೆ ಐದು ನಿಮಿಷವಾದರೂ ನಿಲ್ಲಲಿಲ್ಲ.

ಕ್ಲೈವ್ ಓಡಿಬಂದು ಅವನನ್ನು ಅಪ್ಪಿಕೊಂಡ.

"ಇನಾಸ್! ಮೇಡಂ ಮಾತಾಡಿದ್ರು! ಮೂವತ್ತು ದೇಶದಲ್ಲೂ ಶೋ ದಿನ ಅವರನ್ನು ಒಂದು ಬಾಟ್ಲಿ ನೀರು ಕೊಟ್ಟು ಕೋಣೇಲಿ ಕೂರಿಸಿ ಬಾಗಿಲು ಹಾಕ್ತಾರಂತೆ. ಬೈದು ಉಣಿಸಿದವರು ನೀವೇ ಮೊದಲಂತೆ. ಒಂದು ಶೋಗೆ ಬಂದವರು ಆರು ವಾರ ಇಲ್ಲೇ ಇರ್ತಾರೆ. ದುಬೈ, ಅಬುಧಾಬಿ ಸೇರಿ ಎಂಟು ಶೋ! ಒಂದೇ ಕಂಡೀಷನ್. ಇದೇ ಡ್ರೈವರ್, ಅದೇ ಗಂಜಿ, ಅದೇ ಮಂಚ."

"ಸರ್... ನನ್ನ ರಜೆ?"

"ಸೈನ್ ಮಾಡಿದ್ದೇನೆ ಮಾರಾಯ್ರೆ, ಮಾತು ಅಂದ್ರೆ ಮಾತು. ತಾರೀಕು ಮಾತ್ರ ನವೆಂಬರಿಗೆ ಹಾಕಿದೆ."

"ಶನಿವಾರ ಮಗಳ ರೋಸ್..."

"ಶನಿವಾರ ಎರಡನೇ ಶೋ. ವಿಡಿಯೋ ಕಾಲ್ ಮಾಡಿ, ನೆಟ್ ಕಂಪೆನಿದೇ!"

ಇನಾಸ್ ಬಾಯಿ ತೆರೆದ. ಸ್ವರ ಬರಲಿಲ್ಲ. ಅಷ್ಟರಲ್ಲಿ ಹೊರಬಂದ ಮದಾಂ, "ಹಲೋ ಇನಾಸ್!" ಎಂದು ಮೆಟ್ಟಿಲೆಲ್ಲ ಮೊಳಗುವಂತೆ ಕರೆದರು. ಅವನು ಒಂದು ಬೆರಳನ್ನು ಗಂಟಲಿಗೆ ಮುಟ್ಟಿಸಿ ತಲೆ ಅಲ್ಲಾಡಿಸಿದ.

ಮದಾಮಿನ ಮುಖ ಕಳವಳದಿಂದ ಕಂದಿತು. ತಮ್ಮ ಕುತ್ತಿಗೆಯ ಫ್ಲಾನೆಲ್ ಬಿಚ್ಚಿ ಅವನಿಗೆ ಸುತ್ತಿದರು. ಚೀಲದಿಂದ ಫ್ಲಾಸ್ಕ್ ತೆಗೆದು, ಮುಚ್ಚಳ ತುಂಬ ಕಷಾಯ ಬಗ್ಗಿಸಿ, ಅವನ ತುಟಿಗೇ ಹಿಡಿದರು.

ಇನಾಸ್ ಕುಡಿದ. ಕಣ್ಣಲ್ಲಿ ನೀರು ಬಂತು. ಕಷಾಯಕ್ಕೆ ಕಾಳುಮೆಣಸು ಸ್ವಲ್ಪ ಹೆಚ್ಚೇ ಬಿದ್ದಿರಬೇಕು ಎಂದುಕೊಂಡ ಕ್ಲೈವ್.