ಬೀಗರ ಮನೆಯ ಕಡಗೋಲು

ಅದಕ್ಕೆ ನಮ್ಮ ಕಡೆ ಏನೋ ಅನ್ನುತ್ತಿದ್ದರು. ಸಂಚಿ... ಅಲ್ಲ. ಚಂದಿ... ಛೆ, ಅದೂ ಅಲ್ಲ. ಉದ್ದನೆಯ ಬಟ್ಟೆ ಚೀಲ, ಒಳಗೆ ಒಂದರ ಬೆನ್ನಿಗೊಂದು ಜೇಬು. ಒಂದರಲ್ಲಿ ಎಲೆ, ಒಂದರಲ್ಲಿ ಅಡಕೆ, ಒಂದರಲ್ಲಿ ಸುಣ್ಣದ ಡಬ್ಬಿ. ಬಾಯಿಗೆ ದಾರ ಎಳೆದು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಆಯಿತು. ಹೆಸರು ನಾಲಿಗೆಯ ಮೇಲೇ ಕೂತಿದೆ, ಹೊರಗೆ ಬರಲೊಲ್ಲದು. ಮಗಳ ಮನೆಯೆಂದು ಮಂಗಳೂರಿಗೆ ಬಂದು ಎಷ್ಟೋ ವರ್ಷವಾಯಿತು. ಇಲ್ಲಿ ಕೇಳಿದರೆ ಹೇಳುವವರು ಯಾರೂ ಇಲ್ಲ.

ಆ ಚೀಲ ನೆನಪಾದದ್ದು ಮೊಮ್ಮಗಳು ನೋಡುತ್ತಿದ್ದ ಕಾರ್ಟೂನಿನಿಂದ. ಕಳ್ಳರ ಗುಂಪಿನ ಕಥೆ. ಒಬ್ಬ ಉಪಾಯ ಹೂಡುತ್ತಾನೆ, ಒಬ್ಬ ಭಾರ ಹೊರುತ್ತಾನೆ, ಒಬ್ಬ ಮೊದಲೇ ಹೋಗಿ ಮನೆ ನೋಡಿಕೊಂಡು ಬರುತ್ತಾನೆ. ನೋಡಿದವರಿಗೆಲ್ಲ ಅವರ ಮೇಲೆ ಪ್ರೀತಿ.

"ಎಂತ ಚಂದದ ಕಳ್ಳರು ಅಲ್ವಾ ಅಜ್ಜಿ?" ಅಂದಳು.

ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. ಅಂಥದೇ ಒಂದು ಗುಂಪಿನ ಮನೆಗೆ ಸೊಸೆಯಾಗಿ ಹೋದವಳು ನಾನು. ಲಗ್ನದ ದಿನಗಳು ಬಂದವೆಂದರೆ ನಮ್ಮಲ್ಲಿ ಇಂಥದೊಂದು ನಡೆಯದೆ ಇರುತ್ತಿರಲಿಲ್ಲ. ಪ್ರತಿ ಸಲವೂ ನಾಚಿಕೆ ಮಾತ್ರ ನನ್ನೊಬ್ಬಳ ಪಾಲಿಗೆ.

ಅವರ ಕಾಯಿದೆ

ನಮ್ಮ ಕಡೆ ಗಂಡಿನವರು ಸೊಸೆಯನ್ನು ಕರೆದುಕೊಂಡು ಹೊರಡುವಾಗ ಹೆಣ್ಣಿನ ಮನೆಯಿಂದ ಏನಾದರೂ ಒಂದು ವಸ್ತು ಕದ್ದು ತರುವ ಪದ್ಧತಿಯಿತ್ತು. ಆಮೇಲೆ ಹೆಣ್ಣಿನವರು ಸಕ್ಕರೆ ತಂದು, ಎಲ್ಲರ ಮುಂದೆ "ಸೋತೆವು" ಅಂದು ಅದನ್ನು ಬಿಡಿಸಿಕೊಂಡು ಹೋಗಬೇಕು. ಬೇರೆ ಮನೆಗಳಲ್ಲಿ ಇದು ಆಟ. ಒಂದು ಲೋಟ ಎತ್ತಿಕೊಂಡು ನಕ್ಕು ಬಿಡುತ್ತಿದ್ದರು. ಕಲಬುರಗಿಯ ಶಹಾಬಜಾರದ ನಮ್ಮ ಮನೆಯಲ್ಲಿ ಇದು ಕಸುಬು.

ನಮ್ಮ ಅತ್ತೆ ಉಪಾಯದವರು. ಅವರ ಅಕ್ಕ, ನಾವೆಲ್ಲ ದೊಡ್ಡತ್ತಿ ಅನ್ನುತ್ತಿದ್ದವರು, ಭಾರ ಹೊರುವವರು. ಮೂರನೆಯವರು ಮೋಮಿನಪುರದ ಬಳೆಗಾರ್ತಿ ಖಾಲಾ. ಬಳೆ ಇಡಿಸುವ ನೆಪದಲ್ಲಿ ಯಾವ ಮನೆಯ ಒಳಕೋಣೆಗಾದರೂ ಹೋಗಿ, ಎಲ್ಲಿ ಏನಿದೆಯೆಂದು ನೋಡಿಕೊಂಡು ಬರುತ್ತಿದ್ದರು. ಓಣಿಯಲ್ಲಿ ಯಾರ ಮಗನ ಮದುವೆಯಾದರೂ ಈ ಮೂವರಿಗೆ ಮೊದಲು ಕರೆ.

ಅತ್ತೆಯ ಕಾಯಿದೆ ಖಡಕ್ಕಾಗಿತ್ತು. "ಬಂಗಾರ, ಬೆಳ್ಳಿ ಮುಟ್ಟಬಾರದು. ಉಣ್ಣೋ ತಿನ್ನೋದು ಮುಟ್ಟಬಾರದು. ನಾಳೆ ಮುಂಜಾನಿ ಆ ಮನಿಯವರು ಎದ್ದು ಹುಡುಕಬೇಕು, ಅಂಥಾದ್ದು ತರಬೇಕು."

ನನ್ನ ಮದುವೆ

ನನ್ನ ತವರು ಕಮಲಾಪುರ. ಎಂಬತ್ತರ ದಶಕದ ಮಾತು. ನನ್ನ ಮದುವೆಯಲ್ಲಿ ಇವರ ಕಣ್ಣು ಬಿದ್ದದ್ದು ನಮ್ಮ ಅವ್ವನ ಕಡಗೋಲಿನ ಮೇಲೆ. ನಮ್ಮಜ್ಜ ಸ್ವತಃ ಕೆತ್ತಿಸಿ ಮಗಳಿಗೆ ಕೊಟ್ಟದ್ದು. ಎದೆಮಟ್ಟದ ಉದ್ದ. ಆ ಕಡಗೋಲಿಗೆ ಬಂದಂಥ ಬೆಣ್ಣೆ ಬೇರೆಯದಕ್ಕೆ ಬರುವುದಿಲ್ಲ ಎಂದು ಅವ್ವನ ನಂಬಿಕೆ.

ಅಷ್ಟು ಉದ್ದದ್ದನ್ನು ಹೇಗೆ ಕದ್ದರು? ದೊಡ್ಡತ್ತಿ ಅದನ್ನು ಬೆನ್ನಿಗೆ ಕಟ್ಟಿಸಿಕೊಂಡು ಮೇಲೆ ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದರು. ಅಲ್ಲಿಂದ ಅವರಿಗೆ ಬಗ್ಗಲಿಕ್ಕಿಲ್ಲ, ಕೂಡಲಿಕ್ಕಿಲ್ಲ. ಪರೇಡಿನ ಪೊಲೀಸರ ಹಾಗೆ ನೆಟ್ಟಗೆ ನಡೆದರು.

ಅವ್ವ ಪಾಪ, ಓಡಿ ಬಂದು ಚಾಪೆ ಹಾಸಿದಳು. "ಅಕ್ಕಾರ, ಮುಂಜಾನಿಂದ ನಿಂತೀರಿ, ಕುಂದರ್ರಿ."

"ಇರಲಿ ಬಿಡವಾ," ಅಂದರು ದೊಡ್ಡತ್ತಿ.

"ಸೊಂಟ ಹಿಡದದೇನ್ರಿ? ಎಣ್ಣಿ ಕಾಯಿಸಿ ತಿಕ್ಕಲೇನು?"

"ಏ ಬ್ಯಾಡ ಬ್ಯಾಡ!" ದೊಡ್ಡತ್ತಿ ಮೂರು ಹೆಜ್ಜೆ ಹಿಂದೆ ಸರಿದು ಗೋಡೆಗೆ ತಾಗಿದರು. ಟಕ್ಕೆಂದು ಸಪ್ಪಳವಾಯಿತು. ಖಾಲಾ ಗಟ್ಟಿಯಾಗಿ ಕೆಮ್ಮಿ ಅದನ್ನು ಮುಚ್ಚಿದರು.

ಕಲಬುರಗಿಯ ತನಕ ದೊಡ್ಡತ್ತಿ ಬಸ್ಸಿನಲ್ಲಿ ನಿಂತೇ ಬಂದರು. ಬಸ್ಸು ಬಿಡುವ ಮುಂಚೆ, ನಮ್ಮನ್ನು ಕಳಿಸಲು ಬಂದ ಅವ್ವ ಕಿಟಕಿಯಲ್ಲಿ ನನ್ನ ಕೈ ಹಿಡಿದು, ಕಣ್ಣೀರಲ್ಲೂ ಸಮಾಧಾನದಿಂದ ಹೇಳಿದಳು: "ಛಲೋ ಮನಿ ಸಿಕ್ಕದ ಮಗಳ ನಿನಗ. ಎಂಥಾ ಮರ್ಯಾದಸ್ತ ಮಂದಿ ನೋಡು. ಬೀಗರ ಎದುರಿಗಿ ಕೂಡಲೇ ಇಲ್ಲ ಆಕಿ!"

ಮರುದಿನ ಅವ್ವ ಮಜ್ಜಿಗೆ ಮಾಡಲು ಕೂತಾಗ ಗೊತ್ತಾಯಿತು. ಸಕ್ಕರೆ ತಂದು "ಸೋತೆ" ಅನ್ನಲು ಅವಳು ತಯಾರಿರಲಿಲ್ಲ. "ಕದ್ದವರ ಮುಂದ ನಾ ಸೋತೆ ಅನ್ನಲೇನು? ಅದು ನನ್ನ ಕೈಗೆ ಬರೋತನಕ ಆ ಮನಿ ಅಡಗಿಮನಿಗಿ ಕಾಲಿಡಂಗಿಲ್ಲ," ಎಂದು ಹೇಳಿ ಕಳಿಸಿದಳು. ಅತ್ತೆಯೂ ಬಗ್ಗಲಿಲ್ಲ. "ಸೋತೆ ಅಂತ ಒಂದು ಮಾತು ಅನ್ನಲಿ, ನಾನೇ ತಲಿಮ್ಯಾಲ ಹೊತ್ಕೊಂಡು ಹೋಗಿ ಕೊಡ್ತೀನಿ."

ಹೀಗಾಗಿ ಅವ್ವನ ಕಡಗೋಲಿನಲ್ಲಿ ದಿನಾ ಮಜ್ಜಿಗೆ ಕಡೆಯುವುದು ನನ್ನ ಪಾಲಿಗೆ ಬಂತು. ಅವ್ವ ಬಂದಾಗಲೆಲ್ಲ ನಡುಮನೆಯಲ್ಲೇ ಕೂತು, ನೀರು ಕುಡಿದು ಹೋಗುತ್ತಿದ್ದಳು. ಒಳಗಿಂದ ಒಂದು ಲೋಟ ಮಜ್ಜಿಗೆ ತಂದುಕೊಟ್ಟರೆ ಅವಳು ಮುಖ ತಿರುಗಿಸುತ್ತಿದ್ದಳು. ನಾನು ಲೋಟ ಹಿಡಿದು ತಲೆ ತಗ್ಗಿಸಿ ನಿಲ್ಲುತ್ತಿದ್ದೆ.

ಸ್ಟೋವಿನ ಪಿನ್ನು

ಓಣಿಯ ಒಬ್ಬ ಹುಡುಗನಿಗೆ ಎರಡು ಓಣಿ ಆಚೆಯ ಹೆಣ್ಣು ತಂದರು. ಅಂದು ದೊಡ್ಡತ್ತಿಗೆ ಮೈಯಲ್ಲಿ ಹುಷಾರಿರಲಿಲ್ಲ, ಭಾರದ ಕೆಲಸ ಬೇಡವೆಂದರು ಅತ್ತೆ. ಖಾಲಾ ಹೋಗಿ ನೋಡಿ ಬಂದು, "ಕುಚ್ ನಕ್ಕೋ ಯಕ್ಕಾ, ಬ್ಯಾರೆ ಏನೂ ಬ್ಯಾಡ, ಸ್ಟೋವಿನ ಪಿನ್ ಸಾಕು," ಅಂದರು. ಸೀಮೆಎಣ್ಣೆ ಸ್ಟೋವಿನ ಕಣ್ಣು ಚುಚ್ಚುವ ಪಿನ್ನು, ಬೆರಳಿನಷ್ಟೂ ಇಲ್ಲ. ಅತ್ತೆಯ ಆ ಎಲೆಯಡಕೆ ಚೀಲದಲ್ಲಿ, ಸುಣ್ಣದ ಡಬ್ಬಿಯ ಪಕ್ಕದಲ್ಲಿ, ಸುಮ್ಮನೆ ಬಂದು ಕೂತಿತು.

ಮರುದಿನ ಬೆಳಗಾಗುವುದರೊಳಗೆ ಹೆಣ್ಣಿನ ತಂದೆ ನಮ್ಮ ಬಾಗಿಲಲ್ಲಿ. "ತಾಯಿ, ಮನಿತುಂಬ ಮದುವಿ ಮಂದಿ ಮಲಗ್ಯಾರ. ಸ್ಟೋವು ಹೊತ್ತಲೊಲ್ಲದು. ಪಿನ್ನಿನ ಮಾತು ಆಮ್ಯಾಲ, ಮೊದಲು ನನಗೊಂದು ಕಪ್ಪು ಚಹಾ ಕೊಡ್ರಿ."

ಕೊಟ್ಟೆ. ಅವರ ಹಿಂದೆ ಅವರ ತಮ್ಮ ಬಂದ. ಅವನ ಹಿಂದೆ ಬೀಡಿ ಸೇದುತ್ತ ಸೋದರಮಾವ. ಆಮೇಲೆ ಹೆಂಗಸರು, ಕೂಸುಗಳು. ಹೆಣ್ಣಿನ ಕಡೆಯ ಇಡೀ ಬಳಗ ನಮ್ಮ ಕಟ್ಟೆಯ ಮೇಲೆ ಕೂತು ಚಹಾ ಕುಡಿಯಿತು. ನಾನು ಒಲೆಯ ಮುಂದೆ, ಸೆರಗಿನೊಳಗೆ ಮುಖ. ಹಾಲು ಮುಗಿದು ಪಕ್ಕದ ಮನೆಯಲ್ಲಿ ಕೈ ಚಾಚಿದೆ. ಬಿಸಿಲು ಏರಿದ ಮೇಲೆ ಅತ್ತೆಯೇ ಸಾಕಾಗಿ, "ಸಕ್ಕರಿ ಬ್ಯಾಡ, ಸೋತೆ ಅನ್ನೋದೂ ಬ್ಯಾಡ, ನಿಮ್ಮ ಪಿನ್ ತಗೊಂಡು ಹೋಗ್ರಿ" ಅಂದರು.

ಆ ತಂದೆ ಕಪ್ಪು ಕೆಳಗಿಟ್ಟು ಮೀಸೆ ಒರೆಸಿಕೊಂಡರು. "ಇರಲಿ ಬಿಡ್ರಿ ತಾಯಿ, ನಿಮ್ಮಲ್ಲೇ ಇರಲಿ. ಚಹಾ ಇಲ್ಲೇ ಛಲೋ ಆಗ್ತದ."

ಮೈಕು

ತೊಂಬತ್ತರ ದಶಕಕ್ಕೆ ಮದುವೆಗಳು ಮನೆಯಿಂದ ಮಂಟಪಕ್ಕೆ ಹೋದವು. ಇದನ್ನು ಅತ್ತೆಗೆ ಯಾರೂ ಹೇಳಿರಲಿಲ್ಲ. ಅಂದರೆ, ಮಂಟಪ ಅಂತ ಗೊತ್ತಿತ್ತು, ಅಲ್ಲಿನ ಪಾತ್ರೆ ಪಗಡೆ ಹೆಣ್ಣಿನವರದಲ್ಲ ಅನ್ನುವುದು ಹೊಳೆದಿರಲಿಲ್ಲ. ಜೇವರ್ಗಿ ಕಾಲೋನಿಯ ನೌಕರದಾರರ ಮನೆಯ ಹೆಣ್ಣು. ದೊಡ್ಡತ್ತಿ ಸಾರಿನ ಸೌಟನ್ನು ಸೆರಗೊಳಗೆ ಸೇರಿಸಿದರು.

ಕೊನೆಯ ಪಂಕ್ತಿಯ ಹೊತ್ತಿಗೇ ಗೇಟು ಮುಚ್ಚಿತ್ತು. ಮಂಟಪದ ಮ್ಯಾನೇಜರು ಮೈಸೂರು ಕಡೆಯವರು, ನಮ್ಮ ಪದ್ಧತಿ ಅವರಿಗೇನು ಗೊತ್ತು? ಮೈಕಿನಲ್ಲಿ ಹೇಳಿಯೇ ಬಿಟ್ಟರು: "ಗಂಡಿನ ಕಡೆಯವರ ಗಮನಕ್ಕೆ. ಮಂಟಪದ ಸೌಟು ಕಾಣ್ತಾ ಇಲ್ಲ. ತಗೊಂಡೋರು ದಯವಿಟ್ಟು ಅಡುಗೆಮನೆಗೆ ತಂದುಕೊಡಿ. ಸೌಟು ಸಿಗೋವರೆಗೂ ಗೇಟು ತೆಗೆಯಲ್ಲ."

ಊಟ ಮಾಡುತ್ತಿದ್ದವರೆಲ್ಲ ಕೈ ತಡೆದರು. ನನ್ನ ಗಂಡ ಶಾಲಾ ಮಾಸ್ತರರು. ಅವರ ಹೆಡ್ ಮಾಸ್ತರರು ಅದೇ ಪಂಕ್ತಿಯಲ್ಲಿ ಕೂತಿದ್ದರು. ಭೂಮಿ ಬಾಯಿ ಬಿಟ್ಟಿದ್ದರೆ ನಾನು ಎಲೆ ಸಮೇತ ಇಳಿಯುತ್ತಿದ್ದೆ.

ಅತ್ತೆ ಮಾತ್ರ ಎದ್ದರು. ಸೌಟು ಹಿಡಿದು ನಡುಮಂಟಪದಲ್ಲಿ ನಡೆದು ಮೈಕಿನ ಮುಂದೆ ನಿಂತರು. "ಸೌಟು ನಾವೇ ತಗೊಂಡೀವಿ. ಇದು ಬಾಡಗಿದು ಅಂತ ಮೊದಲೇ ಹೇಳಬೇಕಿತ್ತು. ಬಾಡಗಿದು ಕದಿಯೋ ಮಂದಿ ನಾವಲ್ಲ. ಹೆಣ್ಣಿನವರು, ಇಲ್ಲಿ ನಿಮ್ಮ ಸ್ವಂತದ್ದು ಏನರೆ ಇದ್ರ ಹೇಳ್ರಿ, ಅದನ್ನ ಕದೀತೀವಿ."

ಪಂಕ್ತಿಯ ತುದಿಯಿಂದ ಹೆಣ್ಣಿನ ಅಜ್ಜ ಕೂಗಿದರು: "ಹುಡುಗಿ ಒಬ್ಬಾಕಿನೇ ನಮ್ಮ ಸ್ವಂತದಾಕಿ! ಆಕಿನ್ನ ಕೊಟ್ಟೀವಲ್ಲವಾ!"

ಕೊನೆಯ ಕಳವು

ವರ್ಷಗಳು ಹೋದವು, ದೊಡ್ಡತ್ತಿಯೂ ಹೋದರು. ನನ್ನ ಮಗನಿಗೆ ನನ್ನ ಅಣ್ಣನ ಮಗಳನ್ನೇ ತಂದುಕೊಂಡೆವು. ಮದುವೆ ಕಮಲಾಪುರದ ನನ್ನ ತವರಿನ ಅಂಗಳದಲ್ಲಿ. ಇಷ್ಟು ವರ್ಷದ ನಂತರ ಮತ್ತೆ ಅದೇ ಮನೆ.

ಮದುವೆಗೆ ಹೊರಡುವಾಗ ಅತ್ತೆ ತಮ್ಮ ಚೀಲ ನನ್ನ ಸೊಂಟಕ್ಕೆ ಸಿಕ್ಕಿಸಿದರು. "ನನಗ ಕೈ ನಡಗ್ತಾವ. ಈ ಸಲ ನೀನೇ."

"ಅತ್ತಿ, ಅದು ನಮ್ಮವ್ವನ ಮನಿ!"

"ಅದಕ್ಕೇ. ಎಲ್ಲಿ ಏನದ ನಿನಗ ಗೊತ್ತದಲ್ಲ."

ಅಲ್ಲಿ ಹೋದರೆ ಅವ್ವ ಅಡುಗೆಮನೆಗೆ ಬೀಗ ಜಡಿದು, ಕೀಲಿ ಸೊಂಟಕ್ಕೆ ಕಟ್ಟಿ, ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅಡುಗೆಯೆಲ್ಲ ಅಂಗಳದಲ್ಲಿ, ತಂದ ಪಾತ್ರೆಗಳಲ್ಲಿ. ಅಕ್ಷತೆಗೂ ಎದ್ದು ಬರಲಿಲ್ಲ, ಕೂತಲ್ಲಿಂದಲೇ ಎಸೆದಳು. ನನ್ನ ಸೊಂಟದ ಚೀಲ ನೋಡಿದವಳೇ ಕೇಳಿದಳು, "ನೀ ಯಾರ ಕಡಿ ಮಗಳ?"

ನಾನು ಸೆರಗೆಳೆದು ಚೀಲ ಮುಚ್ಚಿಕೊಂಡೆ.

ಹೆಣ್ಣನ್ನು ಟೆಂಪೋದಲ್ಲಿ ಕೂಡಿಸಿ ಆಯಿತು. ಕೆಂಪು ಬಾಳೆಯ ಗೊನೆಯನ್ನೂ ಏರಿಸಿದರು. ನನ್ನ ಕೈ ಖಾಲಿ. ಒಳಗೊಳಗೇ ಸಮಾಧಾನವಾಗಿತ್ತು. ಅಷ್ಟರಲ್ಲಿ ಖಾಲಾ ಕೋಲೂರಿಕೊಂಡು ಅವ್ವನ ಬಳಿ ಹೋದರು. "ಯಕ್ಕಾ, ನಿನ್ನ ಮಮ್ಮಗಳು ಅಜ್ಜಿ ಅಜ್ಜಿ ಅಂತ ಅಳಲಾಕತ್ತಾಳ. ಒಂದು ಗಳಿಗಿ ಕೈ ಹಿಡದು ಬಾ."

ಕೀಲಿ ಹೇಗೂ ಸೊಂಟದಲ್ಲಿದೆ. ಅವ್ವ ಎದ್ದಳು. ಟೆಂಪೋ ಹತ್ತಿ ಮೊಮ್ಮಗಳ ಪಕ್ಕದಲ್ಲಿ ಕೂತು ಗಲ್ಲ ಸವರಿದಳು. ಅತ್ತೆ ಬಾಗಿಲೆಳೆದು ಡ್ರೈವರನಿಗೆ, "ಹೊಡಿಯೋ ತಮ್ಮಾ!" ಅಂದರು.

ಟೆಂಪೋ ಹಾರಿತು. ಅಣ್ಣ ರುಮಾಲು ಬೀಸುತ್ತ ಹಿಂದೆ ಓಡಿ ಬಂದ. "ಅವ್ವಾ, ಕೀಲಿ! ಕೀಲಿ!"

"ನನ್ನ ಇಳಸ್ರಿ!" ಅವ್ವ ಸೀಟು ಬಡಿದಳು.

ಅತ್ತೆ ನಿಧಾನವಾಗಿ ನನ್ನ ಸೊಂಟದ ಚೀಲದಿಂದ ಅಡಕೆ ತೆಗೆದು ಬಾಯಿಗಿಟ್ಟುಕೊಂಡರು. "ನಾಳೆ ಮುಂಜಾನಿ ಎದ್ದು ಹುಡುಕಬೇಕು, ಅಂಥಾದ್ದು ತರಬೇಕು ಅಂತ ನಮ್ಮ ಕಾಯಿದೆ, ಬೀಗತ್ಯಾರ. ನಿಮ್ಮನ್ನ ಬಿಟ್ರ ಆ ಮನ್ಯಾಗ ಅಂಥಾದ್ದು ಏನದ?"

ನಾನು ಅವರಿಬ್ಬರ ನಡುವೆ ಕೂತು ಊರು ಮುಟ್ಟುವ ತನಕ ಬಾಳೆಗೊನೆಯನ್ನೇ ನೋಡಿದೆ.

ಶಹಾಬಜಾರದಲ್ಲಿ ಅವ್ವ ನಡುಮನೆಯಲ್ಲೇ ಉಂಡು ಮಲಗಿದಳು. ಬೆಳಿಗ್ಗೆ ನಾನು ಮಜ್ಜಿಗೆಗೆ ಕೂತೆ. ಹಗ್ಗ ಎಳೆದಾಗ ಕಡಗೋಲು ಗುರ್ ಗುರ್ ಅಂತು. ಹೊರಗೆ ಅವ್ವ ಚಾಪೆ ಬಿಟ್ಟೆದ್ದಳು. ಸ್ವಲ್ಪ ಹೊತ್ತಿಗೆ ಹೊಸ್ತಿಲ ಮೇಲೆ ಅವಳ ನೆರಳು.

"ಅದರ ಸಪ್ಪಳ ಬದಲಾಗಿಲ್ಲ," ಅಂದಳು. ಒಳಗೆ ಕಾಲಿಡಲಿಲ್ಲ. ನಾನು ಹಗ್ಗ ಬಿಚ್ಚಿ, ಕಡಗೋಲು ತೊಳೆದು, ಒಣಗಲೆಂದು ಹೊಸ್ತಿಲಿಗೆ ಆನಿಸಿಟ್ಟು ಹಿತ್ತಲಿಗೆ ಹೋದೆ. ಎಂದೂ ಅಲ್ಲಿಡುತ್ತಿರಲಿಲ್ಲ.

ಅಣ್ಣ ಜೀಪು ತಂದ. ಅವ್ವ ಹೊರಗೆ ಬಂದಳು, ಸೆರಗು ತಲೆತುಂಬ, ಪರೇಡಿನ ಪೊಲೀಸರ ಹಾಗೆ ನೆಟ್ಟಗೆ.

"ಚಹಾ ಕುಡದು ಹೋಗ್ರಿ ಬೀಗತ್ಯಾರ, ಕುಂದರ್ರಿ," ಅಂದರು ಅತ್ತೆ.

"ಇರಲಿ ಬಿಡ್ರಿ."

"ಸೊಂಟ ಹಿಡದದೇನು?"

"ಟೆಂಪೋದಾಗ ಹೊತ್ಕೊಂಡು ಬಂದ್ರಲ್ಲ, ಹಿಡೀದೆ ಏನಾಗ್ತದ?"

ಜೀಪಿನ ಹಿಂಬದಿಯಲ್ಲಿ ಸರಳು ಹಿಡಿದು ನಿಂತಳು. ಗಾಳಿಗೆ ಸೆರಗು ಜಾರಿತು, ಕುತ್ತಿಗೆಯ ಹಿಂದೆ ಕಟ್ಟಿಗೆಯ ತುದಿ ಕಾಣಿಸಿತು. ಅತ್ತೆ ನನ್ನ ಪಕ್ಕದಲ್ಲೇ ಇದ್ದರು. ನಾನು ಕೈ ಚಾಚಿ ಅವ್ವನ ಸೆರಗು ಮೇಲೆಳೆದೆ. ಅವಳು ನನ್ನ ಕೈ ಒಂದು ಸಲ ಒತ್ತಿದಳು.

ಜೀಪು ತಿರುವಿನಲ್ಲಿ ಮರೆಯಾಗುವ ತನಕ ಅತ್ತೆ ನೋಡುತ್ತ ನಿಂತರು. ಕಣ್ಣು ತುಂಬಿತ್ತು. "ನಿಮ್ಮವ್ವ ಏನರೆ ಅನ್ನಲಿ, ಭಾಳ ಮರ್ಯಾದಸ್ತಾಕಿ ಬಿಡವಾ. ಬೀಗರ ಎದುರಿಗಿ ಕೂಡಲೇ ಇಲ್ಲ ನೋಡು!"

ಮೊಮ್ಮಗಳು ಸೋಫಾದಿಂದ ಬಿದ್ದು ನಕ್ಕಳು. "ಮರುದಿನ ಎಂತಾಯ್ತು ಅಜ್ಜಿ?"

"ಮರುದಿನ ಮುಂಜಾನೆ ಎದ್ದು ಹುಡುಕಿದೆವು. ನಾನೇ ಎಲ್ಲರಿಗಿಂತ ಜೋರಾಗಿ ಹುಡುಕಿದೆ. ನಗಬೇಡ, ಈಗಲೂ ಮುಖ ಬಿಸಿಯಾಗುತ್ತದೆ... ಹಾಂ, ಚಂಚಿ! ಆ ಚೀಲಕ್ಕೆ ಚಂಚಿ ಅನ್ನುತ್ತಿದ್ದರು. ಹೋಗು, ಪೆನ್ನು ತಾ, ನಾ ಮರೆಯುವುದರೊಳಗೆ ಎಲ್ಲ ಬರೆದಿಡು. ಯಾರ ಹೆಸರೂ ಹಾಕಬೇಡ. ನನ್ನದಂತೂ ಬೇಡವೇ ಬೇಡ."